ಸ್ನಾನದ ಮನೆಯ ಕಾಯಿ–ಬೀಜಗಳು: ಒಗ್ಗದವರಿಗೆ ಒಂದಿಷ್ಟು ಎಚ್ಚರ

ನಮ್ಮ ನುಡಿಯಲ್ಲಿ ‘ಕಾಯಿ’ ಎಂಬ ಮಾತು ಬಹಳ ಉದಾರವಾದುದು. ತೆಂಗಿನಕಾಯಿ, ಕಡಲೆಕಾಯಿ, ಜಾಯಿಕಾಯಿ, ಸೀಗೇಕಾಯಿ, ಅಂಟುವಾಳಕಾಯಿ, ಗೇರುಕಾಯಿ ಇವೆಲ್ಲವೂ ನಮಗೆ ಕಾಯಿಗಳೇ. ಸಸ್ಯಶಾಸ್ತ್ರಜ್ಞರ ದೃಷ್ಟಿಗೆ ಮಾತ್ರ ಇವು ಬೇರೆ ಬೇರೆ ಮನೆತನದವು. ತೆಂಗು ತಾಳೆಯ ಜಾತಿಗೆ ಸೇರಿದ್ದು. ಕಡಲೆಕಾಯಿ ತೊಗರಿ, ಅವರೆಗಳ ಹಾಗೆ ದ್ವಿದಳ ಧಾನ್ಯ. ಅಂಟುವಾಳವು ಲಿಚಿ ಹಣ್ಣಿನ ಬಂಧು. ಗೇರುಕಾಯಿ ಮಾವಿನ ಬಳಗದ್ದು. ದಿನನಿತ್ಯದ ಬಾಳಿನಲ್ಲಿ ಈ ವಿಂಗಡಣೆ ನಮಗೆ ಬೇಕಾಗುವುದಿಲ್ಲ. ಆದರೆ ಮನೆಯಲ್ಲಿ ಕಡಲೆಕಾಯಿಯೋ ಗೋಡಂಬಿಯೋ ಬಾದಾಮಿಯೋ ಒಗ್ಗದ ಒಂದು ಮಗುವಿದ್ದರೆ ಅದೇ ವಿಂಗಡಣೆ ಬಹುಮುಖ್ಯವಾಗುತ್ತದೆ.

ಅಂತಹ ಮನೆಗಳಲ್ಲಿ ಅಡುಗೆಯ ವಿಷಯದಲ್ಲಿ ತಾಯಂದಿರು ಎಚ್ಚರ ವಹಿಸುವುದನ್ನು ನಾವು ಕಂಡಿದ್ದೇವೆ. ಪಾಯಸಕ್ಕೆ ಗೋಡಂಬಿ ಹಾಕುವುದಿಲ್ಲ. ಚಟ್ನಿಪುಡಿಗೆ ಕಡಲೆಬೀಜ ಬೆರೆಸುವುದಿಲ್ಲ. ಮದುವೆಮನೆಯ ಪಂಕ್ತಿಯಲ್ಲಿ ಕುಳಿತಾಗ ಬಡಿಸುವವರನ್ನು ಕೇಳಿಯೇ ಎಲೆಗೆ ಹಾಕಿಸಿಕೊಳ್ಳುತ್ತಾರೆ. ಆದರೆ ಸ್ನಾನದ ಮನೆಯ ಗೂಡಿನಲ್ಲಿರುವ ಸಾಬೂನು, ಎಣ್ಣೆ, ಕ್ರೀಮು, ಸ್ನಾನದ ಪುಡಿಗಳ ಕಡೆಗೆ ದೃಷ್ಟಿ ಹಾಯುವುದು ಅಪರೂಪ. ‘ಮೈಗೆ ಹಚ್ಚುವುದು ತಾನೇ, ಹೊಟ್ಟೆಗೆ ಹೋಗುವುದಿಲ್ಲವಲ್ಲ’ ಎಂಬುದು ಸಾಮಾನ್ಯವಾಗಿ ಕೇಳಿಬರುವ ಮಾತು. ಈ ಮಾತು ಎಷ್ಟರಮಟ್ಟಿಗೆ ನಿಜ, ಎಲ್ಲಿ ನಿಜವಲ್ಲ ಎಂಬುದನ್ನು ವಾಚಕ ಬಂಧುಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಚರ್ಮವೂ ಒಂದು ಬಾಗಿಲು

ಅಲರ್ಜಿ ಎಂದರೆ ಶರೀರದ ರಕ್ಷಣಾ ವ್ಯವಸ್ಥೆಯು ನಿರುಪದ್ರವಿಯಾದ ಒಂದು ವಸ್ತುವನ್ನು ಶತ್ರುವೆಂದು ಭಾವಿಸಿ ಹೋರಾಟಕ್ಕೆ ಇಳಿಯುವುದು. ಬೀಜಗಳ ವಿಷಯದಲ್ಲಿ ಈ ಹೋರಾಟವನ್ನು ಹುಟ್ಟಿಸುವುದು ಅವುಗಳಲ್ಲಿರುವ ಪ್ರೋಟೀನು. ಜಿಡ್ಡಲ್ಲ, ಪರಿಮಳವೂ ಅಲ್ಲ. ಆರೋಗ್ಯವಂತ ಚರ್ಮವು ಗಟ್ಟಿಯಾದ ಗೋಡೆಯಿದ್ದಂತೆ. ಪ್ರೋಟೀನು ಅದನ್ನು ಸುಲಭವಾಗಿ ದಾಟಲಾರದು. ಆದರೆ ಇಸಬಿನಿಂದ ಬಿರುಕುಬಿಟ್ಟ, ತುರಿಸಿ ಗಾಯವಾದ ಚರ್ಮದಲ್ಲಿ ಆ ಗೋಡೆ ಅಲ್ಲಲ್ಲಿ ಕುಸಿದಿರುತ್ತದೆ.

2003ರಲ್ಲಿ ಬ್ರಿಟನ್ನಿನ ಸಂಶೋಧಕರು ಸುಮಾರು ಹದಿನಾಲ್ಕು ಸಾವಿರ ಮಕ್ಕಳ ಬೆಳವಣಿಗೆಯ ದಾಖಲೆಗಳನ್ನು ಪರಿಶೀಲಿಸಿ ಪ್ರಕಟಿಸಿದ ಅಧ್ಯಯನವು ಈ ವಿಚಾರಕ್ಕೆ ಹೊಸ ತಿರುವನ್ನು ನೀಡಿತು. ಕಡಲೆಕಾಯಿ ಒಗ್ಗದ ಮಕ್ಕಳಲ್ಲಿ ಅನೇಕರಿಗೆ ಶೈಶವದಲ್ಲಿ ಚರ್ಮದ ಉರಿಯೂತವಿದ್ದು, ಕಡಲೆಕಾಯಿ ಎಣ್ಣೆ ಸೇರಿದ ಲೇಪನಗಳನ್ನು ಅವರ ಮೈಗೆ ಹಚ್ಚಲಾಗಿತ್ತೆಂಬುದು ಆ ಅಧ್ಯಯನದಿಂದ ತಿಳಿದುಬಂದಿತು. ಅಂದರೆ, ಬಾಯಿಯ ಮೂಲಕ ಬರುವ ಆಹಾರವನ್ನು ‘ನಮ್ಮದು’ ಎಂದು ಒಪ್ಪಿಕೊಳ್ಳಲು ಕಲಿಯುವ ಶರೀರವು, ಗಾಯಗೊಂಡ ಚರ್ಮದ ಮೂಲಕ ಬರುವ ಅದೇ ವಸ್ತುವನ್ನು ಶತ್ರುವೆಂದು ಬಗೆಯುವ ಸಂಭವವಿದೆ.

ಇದಕ್ಕಿಂತಲೂ ಕಣ್ತೆರೆಸುವ ಉದಾಹರಣೆ ಜಪಾನಿನದು. ಅಲ್ಲಿ ಮುಖ ತೊಳೆಯುವ ಒಂದು ಸಾಬೂನಿಗೆ ಗೋಧಿಯ ಪ್ರೋಟೀನನ್ನು ಒಡೆದು ಬೆರೆಸಲಾಗಿತ್ತು. ನೊರೆ ನುಣುಪಾಗಿ ಬರುತ್ತದೆಂದು ಲಕ್ಷಾಂತರ ಮಂದಿ ಅದನ್ನು ಬಳಸಿದರು. ದಿನದಿನವೂ ಅದರಲ್ಲಿ ಮುಖ ತೊಳೆದವರಲ್ಲಿ ಕೆಲವರಿಗೆ ಕ್ರಮೇಣ ಗೋಧಿಯ ಆಹಾರವೇ ಒಗ್ಗದಂತಾಯಿತು. ಅದುವರೆಗೆ ನೆಮ್ಮದಿಯಾಗಿ ಗೋಧಿ ತಿನ್ನುತ್ತಿದ್ದವರು ಮುಖ ಊದಿಸಿಕೊಂಡು, ಉಸಿರು ಕಟ್ಟಿ ಆಸ್ಪತ್ರೆ ಸೇರಿದರು. 2011ರಲ್ಲಿ ಆ ಸಾಬೂನನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಲಾಯಿತು; ಮುಂದೆ ಖಚಿತಪಟ್ಟ ಪ್ರಕರಣಗಳ ಸಂಖ್ಯೆ ಎರಡು ಸಾವಿರವನ್ನು ಮೀರಿತು. ‘ಮೈಗೆ ಹಚ್ಚುವುದು ತಾನೇ’ ಎಂಬ ಮಾತಿಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕಾಗಿಲ್ಲ.

ಎಲ್ಲ ಎಣ್ಣೆಯೂ ಒಂದೇ ಅಲ್ಲ

ಹಾಗೆಂದು ಬೀಜದ ಎಣ್ಣೆಗಳೆಲ್ಲವೂ ಸಮಾನವಾಗಿ ಅಪಾಯಕಾರಿಯೆಂದು ತಿಳಿಯಬಾರದು. ಕಾರ್ಖಾನೆಯಲ್ಲಿ ಹೆಚ್ಚಿನ ಶಾಖದಲ್ಲಿ ಶುದ್ಧೀಕರಿಸಿ, ಬಣ್ಣ, ವಾಸನೆಗಳನ್ನು ತೆಗೆದ ರಿಫೈನ್ಡ್ ಎಣ್ಣೆಯಲ್ಲಿ ಪ್ರೋಟೀನು ಉಳಿಯುವುದು ಅತ್ಯಲ್ಪ. ಗಾಣದಲ್ಲಿ ಹಿಂಡಿದ ಎಣ್ಣೆಯಲ್ಲಿ ಅದು ಹೆಚ್ಚಾಗಿರುತ್ತದೆ. 1997ರಲ್ಲಿ ಬ್ರಿಟನ್ನಿನ ವೈದ್ಯರು ಕಡಲೆಕಾಯಿ ಒಗ್ಗದ 60 ಮಂದಿಗೆ ಎರಡು ಬಗೆಯ ಕಡಲೆಕಾಯಿ ಎಣ್ಣೆಗಳನ್ನು ಆಹಾರದಲ್ಲಿ ಕೊಟ್ಟು ಪರೀಕ್ಷಿಸಿದರು. ಶುದ್ಧೀಕರಿಸಿದ ಎಣ್ಣೆಯಿಂದ ಒಬ್ಬರಿಗೂ ತೊಂದರೆಯಾಗಲಿಲ್ಲ. ಕಚ್ಚಾ ಎಣ್ಣೆಯಿಂದ ಆರು ಮಂದಿಗೆ ತೊಂದರೆಯಾಯಿತು. ಯೂರೋಪಿನ ಒಕ್ಕೂಟವು 2017ರಲ್ಲಿ ಮಾಡಿದ ನಿಯಮವೂ ಈ ತತ್ತ್ವವನ್ನೇ ಅನುಸರಿಸಿದೆ. ಸೌಂದರ್ಯವರ್ಧಕಗಳಿಗೆ ಬಳಸುವ ಕಡಲೆಕಾಯಿ ಎಣ್ಣೆಯಲ್ಲಿ ಪ್ರೋಟೀನು ಹತ್ತು ಲಕ್ಷ ಭಾಗಕ್ಕೆ ಅರ್ಧ ಭಾಗವನ್ನು ಮೀರಕೂಡದೆಂದು ಅದು ವಿಧಿಸಿದೆ.

ಇಲ್ಲಿ ನಮ್ಮ ನಾಡಿನ ಮನೆಗಳು ಗಮನಿಸಬೇಕಾದ ಸಂಗತಿಯೊಂದಿದೆ. ಇತ್ತೀಚಿನ ವರ್ಷಗಳಲ್ಲಿ ಮರದ ಗಾಣದ ಎಣ್ಣೆಗೆ ಮತ್ತೆ ಬೆಲೆ ಬಂದಿದೆ. ಮೈಸೂರಿನ ಬಡಾವಣೆಗಳಲ್ಲಿಯೂ ಇಂತಹ ಗಾಣಗಳು ತಲೆಯೆತ್ತಿವೆ. ಅಡುಗೆಗೆ ಇದು ರುಚಿಯಾದುದು, ಹಲವರಿಗೆ ಹಿತವಾದುದು, ನಿಜ. ಆದರೆ ಕಡಲೆಕಾಯಿಯೋ ಎಳ್ಳೋ ಒಗ್ಗದವರ ಮಟ್ಟಿಗೆ ಗಾಣದ ಎಣ್ಣೆಯೇ ಹೆಚ್ಚು ಎಚ್ಚರಿಕೆಯನ್ನು ಬೇಡುತ್ತದೆ. ಒಂದೇ ಗಾಣದಲ್ಲಿ ಬೆಳಿಗ್ಗೆ ಕಡಲೆಕಾಯಿಯನ್ನೂ ಮಧ್ಯಾಹ್ನ ಕೊಬ್ಬರಿಯನ್ನೂ ಹಿಂಡುವುದುಂಟು. ಕೊಬ್ಬರಿ ಎಣ್ಣೆಯೆಂದು ತಂದದ್ದರಲ್ಲಿ ಕಡಲೆಕಾಯಿಯ ಅಂಶ ಬೆರೆತಿರಬಹುದು. ಕೊಳ್ಳುವ ಮೊದಲು ಗಾಣದವರನ್ನು ಕೇಳುವುದರಲ್ಲಿ ಸಂಕೋಚವೇನೂ ಇಲ್ಲ.

ಭಟ್ಟಿಯಿಳಿಸಿದ ಸುಗಂಧ ತೈಲಗಳ ವಿಷಯವೇ ಬೇರೆ. ಮೈಸೂರಿನ ಹೆಸರನ್ನು ಜಗತ್ತಿಗೆ ಹರಡಿದ ಶ್ರೀಗಂಧದ ಎಣ್ಣೆಯನ್ನು ಹಬೆಯ ಸಹಾಯದಿಂದ ಮರದ ಚೂರಿನಿಂದ ಇಳಿಸುತ್ತಾರೆ. ಹಬೆಯೊಂದಿಗೆ ಮೇಲೇರುವುದು ಪರಿಮಳದ ಅಂಶವೇ ಹೊರತು ಪ್ರೋಟೀನಲ್ಲ. ಪರಿಮಳ ದ್ರವ್ಯಗಳಿಂದಲೂ ಕೆಲವರ ಚರ್ಮಕ್ಕೆ ತುರಿಕೆಯಾಗಬಹುದು. ಆದರೆ ಅದು ಬೀಜದ ಅಲರ್ಜಿಯಲ್ಲ, ಅದರ ದಾರಿಯೇ ಬೇರೆ.

ಲ್ಯಾಟಿನ್ ಹೆಸರುಗಳ ಗುಟ್ಟು

ಸಾಬೂನು, ಶಾಂಪೂ, ಕ್ರೀಮುಗಳ ಡಬ್ಬಿಯ ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಘಟಕಗಳ ಪಟ್ಟಿ ಇರುತ್ತದೆ. ಅದನ್ನು ಓದಲು ಹೊರಟವರು ಎದುರಿಸುವ ಮೊದಲ ಕಷ್ಟವೆಂದರೆ ಅಲ್ಲಿ ಬಾದಾಮಿಯೆಂದೋ ಗೋಡಂಬಿಯೆಂದೋ ಬರೆದಿರುವುದಿಲ್ಲ. ಸಸ್ಯದ ಲ್ಯಾಟಿನ್ ಹೆಸರಿರುತ್ತದೆ. ಇದು ತೊಡಕೆಂದು ಕಂಡರೂ ವಾಸ್ತವವಾಗಿ ಉಪಕಾರವೇ. ಕಡಲೆಕಾಯಿ, ಶೇಂಗಾ, ನೆಲಗಡಲೆ ಎಂದು ಊರೂರಿಗೆ ಹೆಸರು ಬದಲಾದರೂ ಅದರ ಲ್ಯಾಟಿನ್ ಹೆಸರು ಜಗತ್ತಿನಾದ್ಯಂತ ಒಂದೇ. ಕರಾವಳಿಯಲ್ಲಿ ಗೇರು ಎಂದರೆ ಗೋಡಂಬಿ. ನಮ್ಮ ಕಡೆಯ ಹಿರಿಯರಿಗೆ ಗೇರುಕಾಯಿ ಎಂದರೆ ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಕರಿಯ ಕಾಯಿ. ಇಂತಹ ಗೊಂದಲ ಲ್ಯಾಟಿನ್ನಿನಲ್ಲಿಲ್ಲ.

ಮುಖ್ಯವಾದವನ್ನು ಇಲ್ಲಿ ಕೊಡುತ್ತೇವೆ. ಮನೆಯ ವಿದ್ಯಾರ್ಥಿಗಳಿಂದ ಇವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ಚೀಟಿಯ ಮೇಲೆ ಬರೆಯಿಸಿ, ಕೈಚೀಲದಲ್ಲಿಟ್ಟುಕೊಂಡರೆ ಅಂಗಡಿಯಲ್ಲಿ ಹೋಲಿಸಿ ನೋಡಲು ಅನುಕೂಲ.

ಕಡಲೆಕಾಯಿ: ಅರಾಕಿಸ್ ಹೈಪೊಜಿಯಾ.
ಬಾದಾಮಿ: ಪ್ರೂನಸ್ ಅಮಿಗ್ಡಾಲಸ್ ಡಲ್ಸಿಸ್ ಅಥವಾ ಪ್ರೂನಸ್ ಡಲ್ಸಿಸ್.
ಗೋಡಂಬಿ: ಅನಕಾರ್ಡಿಯಂ ಆಕ್ಸಿಡೆಂಟೇಲ್.
ಪಿಸ್ತಾ: ಪಿಸ್ತಾಸಿಯಾ ವೇರಾ.
ಅಕ್ರೋಟು: ಜುಗ್ಲಾನ್ಸ್ ರೀಜಿಯಾ.
ಹೇಜಲ್ ಬೀಜ: ಕೊರಿಲಸ್ ಅವೆಲಾನಾ.
ಬ್ರೆಜಿಲ್ ಬೀಜ: ಬರ್ತೊಲೇಶಿಯಾ ಎಕ್ಸೆಲ್ಸಾ.
ಮಕಾಡೇಮಿಯಾ: ಲ್ಯಾಟಿನ್ನಿನಲ್ಲಿಯೂ ಅದೇ ಹೆಸರು.
ಎಳ್ಳು: ಸೆಸಮಂ ಇಂಡಿಕಂ.

ಹೆಸರಿನ ಮೊದಲ ಪದವು ಕುಲವನ್ನು ಸೂಚಿಸುತ್ತದೆ. ಎರಡನೆಯದು ಆ ಕುಲದೊಳಗಿನ ವ್ಯಕ್ತಿಯನ್ನು. ಆದ್ದರಿಂದ ಮೊದಲ ಪದವೇ ಒಂದು ಸುಳಿವು. ಉದಾಹರಣೆಗೆ, ಮುಖ ಉಜ್ಜುವ ಲೇಪನಗಳಲ್ಲಿ ಬಳಸುವ ಜರ್ದಾಳು ಹಣ್ಣಿನ ಬೀಜಕ್ಕೆ ಪ್ರೂನಸ್ ಅರ್ಮೇನಿಯಾಕಾ ಎಂದು ಹೆಸರು. ಬಾದಾಮಿಯೂ ಪ್ರೂನಸ್, ಜರ್ದಾಳುವೂ ಪ್ರೂನಸ್. ಬಾದಾಮಿ ಒಗ್ಗದವರು ಜರ್ದಾಳು ಬೀಜದ ಲೇಪನವನ್ನು ವೈದ್ಯರನ್ನು ಕೇಳದೆ ಬಳಸದಿರುವುದು ಲೇಸು. ಗೋಡಂಬಿ ಮತ್ತು ಪಿಸ್ತಾಗಳ ಕುಲದ ಹೆಸರು ಬೇರೆಯಾದರೂ ಅವು ಒಂದೇ ಕುಟುಂಬಕ್ಕೆ ಸೇರಿದವು. ಒಂದು ಒಗ್ಗದವರಿಗೆ ಇನ್ನೊಂದೂ ಒಗ್ಗದಿರುವುದು ಬಹಳ ಸಾಮಾನ್ಯ.

ಆದರೆ ಕುಟುಂಬವನ್ನಷ್ಟೇ ನೋಡಿ ತೀರ್ಮಾನಿಸುವುದೂ ಸರಿಯಲ್ಲ. ಮಾವು ಕೂಡ ಗೋಡಂಬಿಯ ಕುಟುಂಬದ್ದೇ. ಗೋಡಂಬಿ ಒಗ್ಗದವರಲ್ಲಿ ಹೆಚ್ಚಿನವರು ಮಾವಿನ ಹಣ್ಣನ್ನು ಯಾವ ತೊಂದರೆಯೂ ಇಲ್ಲದೆ ತಿನ್ನುತ್ತಾರೆ. ಮಾವಿನ ಸೊನೆ ತಗುಲಿ ಕೆಲವರ ತುಟಿ, ಕೆನ್ನೆಗಳಲ್ಲಿ ಬೊಬ್ಬೆ ಏಳುವುದುಂಟು. ಅದು ಒಂದೆರಡು ದಿನ ತಡವಾಗಿ ಕಾಣಿಸಿಕೊಳ್ಳುವ ಚರ್ಮದ ಅಲರ್ಜಿ. ಉಸಿರು ಕಟ್ಟಿಸುವ ಬೀಜದ ಅಲರ್ಜಿಯಲ್ಲ. ಅಗಸರ ಗೇರುಕಾಯಿಯ ರಸದಿಂದ ಚರ್ಮ ಸುಡುವುದೂ ಇದೇ ಜಾತಿಯ ಉಪದ್ರವ. ಆಯುರ್ವೇದದ ತೈಲಗಳ ಪಟ್ಟಿಯಲ್ಲಿ ಭಲ್ಲಾತಕವೆಂದು ಕಂಡರೆ ಅದು ಈ ಗೇರುಕಾಯಿಯೇ ಎಂದು ತಿಳಿಯತಕ್ಕದ್ದು. ಹಾಗೆಯೇ ವಾತಾದವೆಂದರೆ ಬಾದಾಮಿ, ಬಾದಾಮ್ ರೋಗನ್ ಎಂದರೆ ಬಾದಾಮಿಯ ಎಣ್ಣೆ, ತಿಲತೈಲವೆಂದರೆ ಎಳ್ಳೆಣ್ಣೆ. ಅನೇಕ ಆಯುರ್ವೇದ ತೈಲಗಳ ತಳಹದಿಯೇ ತಿಲತೈಲವಾದ್ದರಿಂದ ಎಳ್ಳು ಒಗ್ಗದವರು ಇದನ್ನು ವಿಶೇಷವಾಗಿ ನೆನಪಿಡಬೇಕು. ಅಮೆರಿಕದಲ್ಲಿ 2023ರ ಜನವರಿಯಿಂದ ಎಳ್ಳನ್ನು ಕೂಡ ಪ್ರಮುಖ ಅಲರ್ಜಿಕಾರಕಗಳ ಸಾಲಿಗೆ ಸೇರಿಸಲಾಗಿದೆ.

ಹೆಸರು ಕೇಳಿ ಹೆದರಬೇಕಾಗಿಲ್ಲ

ಇನ್ನು ಕೆಲವು ಹೆಸರುಗಳು ಸುಮ್ಮನೆ ಭಯ ಹುಟ್ಟಿಸುತ್ತವೆ. ಅಂಟುವಾಳಕ್ಕೆ ಇಂಗ್ಲಿಷಿನಲ್ಲಿ ‘ಸೋಪ್ ನಟ್’ ಎನ್ನುತ್ತಾರೆ. ಸ್ನಾನದ ಪುಡಿಗೆ ಹಾಕುವ ಭದ್ರಮುಷ್ಟಿಗೆ ‘ನಟ್ ಗ್ರಾಸ್’ ಎನ್ನುತ್ತಾರೆ. ಜಾಯಿಕಾಯಿಯು ‘ನಟ್ ಮೆಗ್’. ಮೂರರಲ್ಲಿಯೂ ‘ನಟ್’ ಎಂಬ ಮಾತಿದೆ. ಆದರೆ ಭದ್ರಮುಷ್ಟಿಯು ಒಂದು ಹುಲ್ಲಿನಂಥ ಗಿಡದ ಗಡ್ಡೆ. ಜಾಯಿಕಾಯಿಯು ಒಂದು ಸಾಂಬಾರ ಪದಾರ್ಥ. ಅಂಟುವಾಳದ ಸಿಪ್ಪೆಯನ್ನು ಮಾತ್ರ ನೊರೆಗಾಗಿ ಬಳಸುತ್ತೇವೆ. ಇವು ಬಾದಾಮಿ, ಗೋಡಂಬಿಗಳ ಗುಂಪಿಗೆ ಸೇರಿದವಲ್ಲ. ಅಂಟುವಾಳದ ನೊರೆ ಕಣ್ಣಿಗೆ ಬಿದ್ದರೆ ಉರಿಯುತ್ತದೆ ಎಂಬುದನ್ನು ನಮ್ಮ ಅಜ್ಜಿಯರೇ ಹೇಳಿದ್ದಾರೆ, ಅದು ಅಲರ್ಜಿಯಲ್ಲ.

ಹೊಸದಾಗಿ ಬಂದಿರುವ ಮೂರು ಹೆಸರುಗಳ ಬಗೆಗೂ ಓದುಗರು ತಿಳಿದಿರುವುದು ಒಳ್ಳೆಯದು. ಶಿಯಾ ಬೆಣ್ಣೆಯು ಆಫ್ರಿಕದ ಒಂದು ಮರದ ಬೀಜದಿಂದ ತೆಗೆದ ಜಿಡ್ಡು. ಪಟ್ಟಿಯಲ್ಲಿ ಅದು ಬ್ಯೂಟಿರೋಸ್ಪರ್ಮಂ ಪಾರ್ಕಿಯೈ ಎಂದು ಕಾಣಿಸಿಕೊಳ್ಳುತ್ತದೆ. ಅರ್ಗಾನ್ ಎಣ್ಣೆಯು ಮೊರಾಕೊ ದೇಶದ್ದು. ಅದರ ಹೆಸರು ಅರ್ಗಾನಿಯಾ ಸ್ಪೈನೋಸಾ. ಈ ಎರಡೂ ಮರಗಳು ನಮ್ಮ ಹಿಪ್ಪೆಮರ ಹಾಗೂ ಸಪೋಟದ ಕುಟುಂಬಕ್ಕೆ ಸೇರಿದವು ಎಂಬುದು ಸ್ವಾರಸ್ಯಕರ. ಹಿಪ್ಪೆಯೆಣ್ಣೆಯನ್ನು ನಮ್ಮ ಹಳ್ಳಿಗಳಲ್ಲಿ ದೀಪಕ್ಕೂ ಸಾಬೂನಿಗೂ ಬಳಸುತ್ತಿದ್ದುದನ್ನು ಬಲ್ಲವರಿಗೆ ಶಿಯಾ ಅಪರಿಚಿತವೆನಿಸದು. ಅಮೆರಿಕದ ಆಹಾರ ಮತ್ತು ಔಷಧ ಇಲಾಖೆಯು ಬಹುಕಾಲ ಶಿಯಾ ಮತ್ತು ತೆಂಗುಗಳನ್ನು ಅಲರ್ಜಿಕಾರಕ ಮರಬೀಜಗಳ ಪಟ್ಟಿಯಲ್ಲಿಟ್ಟಿತ್ತು; 2025ರ ಜನವರಿಯಲ್ಲಿ ಎರಡನ್ನೂ ಅದರಿಂದ ಕೈಬಿಟ್ಟಿತು. ಅರ್ಗಾನ್ ಎಣ್ಣೆಯಿಂದ ತೀವ್ರ ಅಲರ್ಜಿಯಾದ ಪ್ರಕರಣವೊಂದು 2010ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಗಿದೆ. ಹಾಗಾಗಿ ಅದು ಅಪರೂಪವೇ ಹೊರತು ಅಸಾಧ್ಯವಲ್ಲ. ಮೂರನೆಯದಾದ ಹೊಹೋಬಾ, ಅಂದರೆ ಸಿಮೊಂಡ್ಸಿಯಾ ಚೈನೆನ್ಸಿಸ್, ಮರುಭೂಮಿಯ ಒಂದು ಪೊದೆಯ ಬೀಜದಿಂದ ಬರುವ ದ್ರವರೂಪದ ಮೇಣ. ಅದು ಯಾವ ಬಾದಾಮಿಯ ಬಂಧುವೂ ಅಲ್ಲ.

ಜಯಲಕ್ಷ್ಮಿಪುರಂನ ಒಂದು ಮನೆ

ನಾವು ಬಲ್ಲ ಜಯಲಕ್ಷ್ಮಿಪುರಂನ ಮನೆಯೊಂದರಲ್ಲಿ ನಾಲ್ಕು ವರ್ಷದ ಹೆಣ್ಣುಮಗುವಿಗೆ ಗೋಡಂಬಿ ಒಗ್ಗುವುದಿಲ್ಲ. ಒಮ್ಮೆ ಬರ್ಫಿಯ ಒಂದು ಚೂರು ತಿಂದು ತುಟಿ ಊದಿ, ಉಸಿರಾಟ ಕಷ್ಟವಾಗಿ ಆಸ್ಪತ್ರೆಗೆ ಕರೆದೊಯ್ದದ್ದುಂಟು. ವೈದ್ಯರು ಗೋಡಂಬಿ, ಪಿಸ್ತಾ ಎರಡನ್ನೂ ದೂರವಿಡಲು ಹೇಳಿದ್ದರು. ಮಗುವಿಗೆ ಮೊಣಕೈ, ಮೊಣಕಾಲುಗಳ ಮಡಿಕೆಯಲ್ಲಿ ಇಸಬು ಬೇರೆ ಇತ್ತು. ವಿದೇಶದಲ್ಲಿರುವ ಬಂಧುವೊಬ್ಬರು ಪ್ರೀತಿಯಿಂದ ಮಕ್ಕಳ ಮೈಗೆ ಹಚ್ಚುವ ಲೋಷನ್ನನ್ನು ಕಳುಹಿಸಿಕೊಟ್ಟರು. ಡಬ್ಬಿಯ ಮೇಲೆ ಬಿಳಿಯ ಹೂವಿನ ಚಿತ್ರ. ಹಸುಗೂಸಿಗೂ ಹಚ್ಚಬಹುದೆಂಬ ಭರವಸೆ.

ಸೊಸೆ ಅದನ್ನು ತೆಗೆದಿರಿಸಿದ್ದನ್ನು ಕಂಡು ಅತ್ತೆಗೆ ಬೇಸರವಾಯಿತು. “ಅಷ್ಟು ದೂರದಿಂದ ಕಳಿಸಿದ್ದಾರೆ, ಹಚ್ಚಬಾರದೇನಮ್ಮಾ? ನಿನ್ನ ಗಂಡನಿಗೆ ಸಿಕ್ಕಿದ ಎಣ್ಣೆಯನ್ನೆಲ್ಲ ಹಚ್ಚಿಯೇ ಬೆಳೆಸಿದೆ” ಎಂದರು.

“ನಿಮ್ಮ ಮಗನಿಗೆ ಗೋಡಂಬಿ ಒಗ್ಗುತ್ತಿತ್ತು ಅತ್ತೆ, ನಿಮ್ಮ ಮೊಮ್ಮಗಳಿಗೆ ಒಗ್ಗುವುದಿಲ್ಲವಲ್ಲ” ಎಂದು ಸೊಸೆ ತಾಳ್ಮೆಯಿಂದ ನುಡಿದು, ತಾನು ಬರೆದಿಟ್ಟುಕೊಂಡಿದ್ದ ಚೀಟಿಯನ್ನು ಅವರ ಕೈಗಿತ್ತಳು.

ಆ ಹಿರಿಯರಿಗೆ ಇಂಗ್ಲಿಷ್ ಬಾರದು. ಆದರೆ ಕನ್ನಡಕ ಏರಿಸಿಕೊಂಡು, ಭೂತಗನ್ನಡಿ ಹಿಡಿದು, ಚೀಟಿಯ ಅಕ್ಷರಗಳನ್ನು ಡಬ್ಬಿಯ ಅಕ್ಷರಗಳೊಂದಿಗೆ ಒಂದೊಂದಾಗಿ ಹೊಂದಿಸುತ್ತಾ ಹೋದರು. ಪಟ್ಟಿಯ ಒಂಬತ್ತನೆಯ ಹೆಸರಿಗೆ ಬಂದಾಗ ಬೆರಳು ನಿಂತಿತು. ಅದು ಪಿಸ್ತಾಸಿಯಾ ವೇರಾ. ಪಿಸ್ತಾ ಬೀಜದ ಎಣ್ಣೆ. ಅಂದಿನಿಂದ ಆ ಮನೆಗೆ ಬರುವ ಪ್ರತಿಯೊಂದು ಡಬ್ಬಿಯೂ ಮೊದಲು ಅಜ್ಜಿಯ ಭೂತಗನ್ನಡಿಯನ್ನು ದಾಟಿಯೇ ಒಳಗೆ ಹೋಗುತ್ತದೆ. ಸಣ್ಣ ಮಕ್ಕಳ ಅಭ್ಯಂಜನ ನಮ್ಮ ಮನೆಗಳಲ್ಲಿ ಬಹುಮಟ್ಟಿಗೆ ಅಜ್ಜಿಯರ ಕೈಯಲ್ಲಿಯೇ ಇರುವುದರಿಂದ, ಈ ಎಚ್ಚರವು ಅವರನ್ನು ತಲುಪದೆ ಸಂಪೂರ್ಣವಾಗದು.

ಪಟ್ಟಿಯನ್ನು ಓದುವ ಕ್ರಮ

ನಮ್ಮ ದೇಶದ 2020ರ ಸೌಂದರ್ಯವರ್ಧಕಗಳ ನಿಯಮಗಳ ಪ್ರಕಾರ ಘಟಕಗಳ ಪಟ್ಟಿಯಲ್ಲಿ ಶೇಕಡ 1ಕ್ಕಿಂತ ಹೆಚ್ಚಿರುವವುಗಳನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲಿ ಬರೆಯಬೇಕು. ಅದಕ್ಕಿಂತ ಕಡಮೆಯಿರುವವು ಆಮೇಲೆ ಯಾವ ಕ್ರಮದಲ್ಲಾದರೂ ಬರಬಹುದು. ಬಾದಾಮಿಯ ಚಿತ್ರವಿರುವ ಕೇಶತೈಲದ ಪಟ್ಟಿಯಲ್ಲಿ ಮೊದಲ ಹೆಸರು ಖನಿಜ ತೈಲದ್ದಾಗಿರಬಹುದು. ಯಾವ ಚಿತ್ರವೂ ಇಲ್ಲದ ಕ್ರೀಮಿನಲ್ಲಿ ಬಾದಾಮಿ ಎಣ್ಣೆ ಅಡಗಿರಬಹುದು. ಆದ್ದರಿಂದ ಚಿತ್ರವನ್ನು ನಂಬದೆ ಪಟ್ಟಿಯನ್ನು ಕೊನೆಯವರೆಗೂ ಓದಬೇಕು.

60 ಮಿಲಿಲೀಟರಿಗಿಂತ ಕಡಮೆಯ ದ್ರವಗಳಿಗೂ 30 ಗ್ರಾಮಿಗಿಂತ ಕಡಮೆಯ ಗಟ್ಟಿ ಪದಾರ್ಥಗಳಿಗೂ ಈ ಪಟ್ಟಿ ಕಡ್ಡಾಯವಲ್ಲ. ಪ್ರವಾಸಕ್ಕೆಂದು ಕೊಳ್ಳುವ ಪುಟ್ಟ ಶೀಷೆ, ತುಟಿಗೆ ಹಚ್ಚುವ ಚಿಕ್ಕ ಡಬ್ಬಿ, ಒಂದು ಬಾರಿಯ ಶಾಂಪೂ ಪೊಟ್ಟಣ ಇವುಗಳ ಮೇಲೆ ಪಟ್ಟಿಯಿಲ್ಲದಿದ್ದರೆ, ಅದೇ ವಸ್ತುವಿನ ದೊಡ್ಡ ಡಬ್ಬಿಯನ್ನು ಅಂಗಡಿಯಲ್ಲಿ ನೋಡಿ ತಿಳಿಯಬೇಕು; ಇಲ್ಲವೇ ತಯಾರಕರಿಗೆ ಬರೆದು ಕೇಳಬೇಕು. ತುಟಿಗೆ ಹಚ್ಚುವುದು, ಹಲ್ಲುಪುಡಿ, ಬಾಯಿ ಮುಕ್ಕಳಿಸುವ ದ್ರವ ಇವು ಬಾಯೊಳಗೆ ಹೋಗುವಂಥವು. ಇವುಗಳನ್ನು ಆಹಾರದಂತೆಯೇ ಪರಿಗಣಿಸತಕ್ಕದ್ದು. ಚಿಕ್ಕ ಮಗುವನ್ನು ಎತ್ತಿ ಆಡಿಸುವವರ ಕೈಯ ಕ್ರೀಮು, ಮುತ್ತಿಡುವವರ ತುಟಿಯ ಲೇಪನವೂ ಲೆಕ್ಕಕ್ಕೆ ಬರುತ್ತದೆ.

ಆಹಾರ ಪೊಟ್ಟಣಗಳ ಮೇಲೆ ಕಡಲೆಕಾಯಿ, ಮರಬೀಜ, ಹಾಲು, ಸೋಯಾ ಮೊದಲಾದವು ಇದ್ದರೆ ಅಲರ್ಜಿಯ ಸೂಚನೆಯನ್ನು ಪ್ರತ್ಯೇಕವಾಗಿ ಮುದ್ರಿಸಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮಗಳು ಹೇಳುತ್ತವೆ. ಆದರೆ ಅದು ಆಹಾರಕ್ಕೆ ಮಾತ್ರ ಅನ್ವಯಿಸುವ ನಿಯಮ. ಸಾಬೂನಿನ ಹೊದಿಕೆಯಲ್ಲಿ ಆ ಸೂಚನೆಯನ್ನು ಹುಡುಕಿ ಪ್ರಯೋಜನವಿಲ್ಲ. ಸಸ್ಯಾಹಾರಿಗಳಾದ ನಮ್ಮ ಮನೆಗಳಲ್ಲಿ ಸಾಬೂನು, ಟೂತ್‌ಪೇಸ್ಟುಗಳ ಮೇಲೆ ಹಸಿರು ಚುಕ್ಕೆಯಿದೆಯೇ ಎಂದು ನೋಡುವ ಅಭ್ಯಾಸವಿದೆ. ಅದು ಪ್ರಾಣಿಜನ್ಯ ವಸ್ತುವಿಲ್ಲವೆಂಬುದನ್ನು ಹೇಳುತ್ತದೆಯೇ ಹೊರತು ಬೀಜಗಳ ವಿಷಯವನ್ನಲ್ಲ. ‘ನೈಸರ್ಗಿಕ’, ‘ಹರ್ಬಲ್’ ಎಂಬ ಮಾತುಗಳೂ ಅಷ್ಟೆ. ಕಡಲೆಕಾಯಿಗಿಂತ ನೈಸರ್ಗಿಕವಾದುದು ಯಾವುದಿದೆ?

ಪಟ್ಟಿಯಲ್ಲಿ ಸಸ್ಯದ ಹೆಸರಿನ ಮುಂದೆ ಏನಿದೆಯೆಂಬುದನ್ನೂ ಗಮನಿಸಬೇಕು. ಬೀಜದ ಪುಡಿ, ಬೀಜದ ಪ್ರೋಟೀನು, ಒಡೆದ ಪ್ರೋಟೀನು ಎಂದಿದ್ದರೆ ಅದನ್ನು ದೂರವಿಡುವುದೇ ಸರಿ. ಎಣ್ಣೆ ಎಂದಿದ್ದರೆ ಅದು ಶುದ್ಧೀಕರಿಸಿದ್ದೋ ಗಾಣದ್ದೋ ಎಂಬುದು ಪಟ್ಟಿಯಿಂದ ತಿಳಿಯುವುದಿಲ್ಲ. ಹಿಂದೆ ತೀವ್ರ ತೊಂದರೆಯಾದವರು ಅದನ್ನೂ ಬಿಡುವುದು ಕ್ಷೇಮ. ಮುಖ ಉಜ್ಜುವ ಲೇಪನಗಳಲ್ಲಿನ ಅಕ್ರೋಟಿನ ಓಡಿನ ಪುಡಿಗೂ ಇದೇ ಮಾತು ಸಲ್ಲುತ್ತದೆ, ಏಕೆಂದರೆ ಓಡಿನೊಂದಿಗೆ ತಿರುಳಿನ ಅಂಶ ಉಳಿದಿರಬಹುದು. ಜೊತೆಗೆ ಅದು ಚರ್ಮವನ್ನು ತರಚುವುದೂ ಉಂಟು. ತಯಾರಕರು ಆಗಾಗ ಘಟಕಗಳನ್ನು ಬದಲಾಯಿಸುವುದರಿಂದ ಹಳೆಯ ಪರಿಚಯದ ಡಬ್ಬಿಯನ್ನೂ ಪ್ರತಿ ಬಾರಿ ಓದಿಯೇ ಕೊಳ್ಳಬೇಕು.

ಅಂಗಡಿಗಳಲ್ಲಿ ತೂಕಕ್ಕೆ ಮಾರುವ ಸ್ನಾನದ ಪುಡಿ, ಮದುವಣಗಿತ್ತಿಗೆ ಹಚ್ಚುವ ಸುಗಂಧದ ಪುಡಿಗಳಿಗೆ ಪಟ್ಟಿಯೇ ಇರುವುದಿಲ್ಲ. ಕಾಂತಿ ಹೆಚ್ಚುತ್ತದೆಂದು ಅವುಗಳಿಗೆ ಬಾದಾಮಿ ಬೆರೆಸುವುದುಂಟು. ಬೀಸುವ ಯಂತ್ರದಲ್ಲಿ ಹಿಂದೆ ಏನನ್ನು ಬೀಸಿದ್ದರೆಂಬುದೂ ತಿಳಿಯದು. ಇಂತಹ ಮಕ್ಕಳಿರುವ ಮನೆಗಳಲ್ಲಿ ಹೆಸರುಹಿಟ್ಟು, ಸೀಗೇಪುಡಿಗಳನ್ನು ಮನೆಯಲ್ಲಿಯೇ ಮಾಡಿಕೊಳ್ಳುವುದು ಸುಲಭವೂ ಹೌದು, ನಿಶ್ಚಿಂತೆಯೂ ಹೌದು. ಆದರೆ ಕಡಲೆಹಿಟ್ಟಿನ ಬಗೆಗೆ ಒಂದು ಮಾತು. ಕಡಲೆ ನಮ್ಮ ದೇಶದಲ್ಲಿ ಅಲರ್ಜಿ ಉಂಟುಮಾಡುವ ಬೇಳೆಗಳಲ್ಲೊಂದೆಂದು ಅಧ್ಯಯನಗಳಿಂದ ತಿಳಿದುಬಂದಿದೆ. ಕಡಲೆ ಒಗ್ಗದವರು ಆ ಹಿಟ್ಟನ್ನು ಮೈಗೂ ಹಚ್ಚಿಕೊಳ್ಳಬಾರದು.

ಅತಿಯಾದ ಭಯವೂ ಬೇಡ

ಇಷ್ಟನ್ನು ಓದಿ, ‘ಹಾಗಾದರೆ ಮನೆಯಲ್ಲಿರುವುದನ್ನೆಲ್ಲ ಹೊರಗೆಸೆಯಬೇಕೇ?’ ಎಂದು ಯಾರಾದರೂ ಕೇಳಿದರೆ, ಬೇಡವೆಂಬುದೇ ನಮ್ಮ ಉತ್ತರ. ಇದಕ್ಕೆ ನಮ್ಮ ಮೈಸೂರಿನಲ್ಲಿಯೇ ಆಧಾರವಿದೆ. ಮೈಸೂರಿನ ಜೆ.ಎಸ್.ಎಸ್. ವೈದ್ಯಕೀಯ ಕಾಲೇಜಿನ ತಜ್ಞರ ಮುಂದಾಳತ್ವದಲ್ಲಿ, ಯೂರೋಪಿನ ವಿಜ್ಞಾನಿಗಳ ಸಹಯೋಗದೊಂದಿಗೆ ಕರ್ನಾಟಕದ 20ರಿಂದ 54 ವರ್ಷದೊಳಗಿನ 11,791 ಮಂದಿಯನ್ನು ಪ್ರಶ್ನಿಸಿ ಆರಂಭವಾದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಪರೀಕ್ಷೆಯಲ್ಲಿ ಯಾವುದಾದರೊಂದು ಆಹಾರಕ್ಕೆ ಶರೀರವು ಸೂಕ್ಷ್ಮತೆ ತೋರಿದವರ ಪ್ರಮಾಣ ಶೇಕಡ 26.5ರಷ್ಟಿತ್ತು. ಆದರೆ ನಿಜವಾಗಿ ಆಹಾರದ ಅಲರ್ಜಿ ಇರಬಹುದಾದವರು ಶೇಕಡ 1.2 ಮಾತ್ರ. ಜಯಲಕ್ಷ್ಮಿಪುರಂಗೆ ಸಮೀಪದಲ್ಲಿಯೇ ಇರುವ, 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ವಿಜ್ಞಾನಿಗಳು ಮೈಸೂರಿನ 741 ಮಂದಿಯಲ್ಲಿ ಬದನೆಕಾಯಿಯ ಅಲರ್ಜಿಯನ್ನು ಕುರಿತು ನಡೆಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿಯೂ ಸೂಕ್ಷ್ಮತೆ ಶೇಕಡ 9.2ರಷ್ಟಿದ್ದರೆ, ನಿಜವಾದ ಅಲರ್ಜಿ ಶೇಕಡ 0.8ರಷ್ಟು ಮಾತ್ರ ಕಂಡುಬಂದಿತು.

ಇದರ ತಾತ್ಪರ್ಯ ಸ್ಪಷ್ಟ. ರಕ್ತಪರೀಕ್ಷೆಯ ಕಾಗದದಲ್ಲಿ ಒಂದು ಗುರುತು ಬಂದ ಮಾತ್ರಕ್ಕೆ ಆ ವಸ್ತುವನ್ನು ಮಗುವಿನ ಬಾಳಿನಿಂದಲೇ ಹೊರಹಾಕಬೇಕಾಗಿಲ್ಲ. ತಿಂದಾಗ ಏನಾಯಿತು, ಎಷ್ಟು ಹೊತ್ತಿನಲ್ಲಿ ಆಯಿತು ಎಂಬುದನ್ನು ಕೇಳಿ, ಪರೀಕ್ಷೆಯೊಂದಿಗೆ ಹೊಂದಿಸಿ ನೋಡಿ ತೀರ್ಮಾನಿಸುವವರು ಅಲರ್ಜಿಯ ತಜ್ಞರು. ಕಾರಣವಿಲ್ಲದೆ ವರ್ಜಿಸುವುದರಿಂದ ಕೆಡುಕೂ ಆಗಬಹುದು. 2015ರಲ್ಲಿ ಪ್ರಕಟವಾದ ಬ್ರಿಟನ್ನಿನ ಇನ್ನೊಂದು ಅಧ್ಯಯನದಲ್ಲಿ, ಅಲರ್ಜಿಯ ಸಂಭವ ಹೆಚ್ಚಿದ್ದ 640 ಶಿಶುಗಳ ಪೈಕಿ ಕಡಲೆಕಾಯಿಯ ಆಹಾರವನ್ನು ಮೊದಲಿನಿಂದಲೂ ತಿನ್ನುತ್ತಾ ಬಂದವರಲ್ಲಿ ಮುಂದೆ ಅದರ ಅಲರ್ಜಿ ಬಹಳ ಕಡಮೆ ಕಂಡಿತು; ದೂರವಿಟ್ಟವರಲ್ಲಿಯೇ ಹೆಚ್ಚು ಕಂಡಿತು. ಆದ್ದರಿಂದ ಖಚಿತವಾಗಿ ಒಗ್ಗದವರಿಗೆ ಕಟ್ಟುನಿಟ್ಟು, ಉಳಿದವರಿಗೆ ಸಹಜ ಜೀವನ ಎಂಬುದೇ ವಿವೇಕದ ಹಾದಿ. ಇಸಬಿರುವ ಮಗುವಿನ ಚರ್ಮಕ್ಕೆ ಮಾತ್ರ ಬೀಜದ ಎಣ್ಣೆಗಳ ಬದಲು ವೈದ್ಯರು ಸೂಚಿಸಿದ ಸರಳವಾದ ಲೇಪನವನ್ನು ಹಚ್ಚುವುದು ಮೇಲು.

ಆಪತ್ತಿನ ಕಾಲಕ್ಕೆ

ಹೊಸ ಕ್ರೀಮನ್ನು ಮುಂಗೈಗೆ ಸ್ವಲ್ಪ ಹಚ್ಚಿ ನೋಡುವ ರೂಢಿ ಕೆಲವರಲ್ಲಿದೆ. ಸಾಧಾರಣ ತುರಿಕೆಯನ್ನು ತಿಳಿಯಲು ಅದು ನೆರವಾಗಬಹುದು. ಆದರೆ ಬೀಜಗಳಿಂದ ಹಿಂದೆ ತೀವ್ರ ತೊಂದರೆಯಾದವರ ಮೇಲೆ ಇಂತಹ ಪ್ರಯೋಗವನ್ನು ಮನೆಯಲ್ಲಿ ಎಂದಿಗೂ ಮಾಡಬಾರದು. ಅದು ಆಸ್ಪತ್ರೆಯಲ್ಲಿ ನಡೆಯಬೇಕಾದ ಕೆಲಸ.

ಹಚ್ಚಿದ ಸ್ವಲ್ಪ ಹೊತ್ತಿನಲ್ಲಿ ಆ ಜಾಗದಲ್ಲಿ ಮಾತ್ರ ದದ್ದು ಎದ್ದರೆ ಸಾಬೂನು ನೀರಿನಿಂದ ತೊಳೆದು ವೈದ್ಯರಿಗೆ ತೋರಿಸಬೇಕು. ಆದರೆ ಮೈತುಂಬ ದದ್ದು, ತುಟಿ ನಾಲಗೆಗಳ ಊತ, ಸ್ವರ ಗೊಗ್ಗರಾಗುವುದು, ಉಬ್ಬಸ, ಪದೇ ಪದೇ ವಾಂತಿ, ತಲೆಸುತ್ತು ಇವು ಕಂಡುಬಂದರೆ ಒಂದು ಗಳಿಗೆಯನ್ನೂ ಕಳೆಯದೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸಾಗಿಸಬೇಕು. ರೋಗಿಯನ್ನು ಮಲಗಿಸಿ ಕಾಲುಗಳನ್ನು ಎತ್ತರಿಸಬೇಕು, ಉಸಿರಾಟ ಕಷ್ಟವಾಗಿದ್ದರೆ ಒರಗಿ ಕುಳ್ಳಿರಿಸಬೇಕು, ನಡೆಸಕೂಡದು. ಈ ಸ್ಥಿತಿಗೆ ಮೊದಲ ಔಷಧ ತೊಡೆಗೆ ಕೊಡುವ ಅಡ್ರಿನಾಲಿನ್ ಚುಚ್ಚುಮದ್ದು. ಮನೆಯಲ್ಲಿರುವ ಅಲರ್ಜಿ ಮಾತ್ರೆ ಅದಕ್ಕೆ ಬದಲಿಯಲ್ಲ. ತೀವ್ರ ಅಲರ್ಜಿಯಿರುವವರ ಮನೆಯವರು ಈ ಚುಚ್ಚುಮದ್ದನ್ನು ಇಟ್ಟುಕೊಳ್ಳುವ ಬಗೆಯನ್ನು ವೈದ್ಯರಿಂದ ಮೊದಲೇ ಕೇಳಿ ತಿಳಿದಿರತಕ್ಕದ್ದು. ಆಸ್ಪತ್ರೆಗೆ ಹೋಗುವಾಗ ಬಳಸಿದ ಡಬ್ಬಿಯನ್ನೂ ಜೊತೆಗೆ ಒಯ್ಯುವುದನ್ನು ಮರೆಯಬಾರದು.

ಮಗುವನ್ನು ಮಣೆಯ ಮೇಲೆ ಕುಳ್ಳಿರಿಸಿ ಎಣ್ಣೆ ಹಚ್ಚಿ ಎರೆಯುವುದು ನಮ್ಮ ಮನೆಗಳ ಅತ್ಯಂತ ವಾತ್ಸಲ್ಯದ ಕೆಲಸಗಳಲ್ಲೊಂದು. ಅದನ್ನು ಬಿಡಬೇಕೆಂದು ಯಾರೂ ಹೇಳುವುದಿಲ್ಲ. ಯಾವ ಎಣ್ಣೆ, ಯಾವ ಪುಡಿ ಎಂಬುದನ್ನು ಒಂದು ನಿಮಿಷ ನಿಂತು ಓದಿ ಆರಿಸಿಕೊಂಡರೆ ಸಾಕು. ಇಂತಹ ಮಗುವಿರುವ ಬಂಧುಮಿತ್ರರ ಮನೆಗೆ ಉಡುಗೊರೆ ಕೊಡುವವರೂ ಕೊಳ್ಳುವ ಮೊದಲು ಒಂದು ಮಾತು ಕೇಳುವುದನ್ನು ರೂಢಿಸಿಕೊಳ್ಳಲಿ ಎಂದು ವಾಚಕ ಬಂಧುಗಳಲ್ಲಿ ವಿನಂತಿಸುತ್ತೇವೆ.